ಪ್ರತಿ ಮನೆಗೂ ಸಂದೇಶ ತಲುಪಿದೆ

ಟ್ರೂ ಬೇಕಿತ್ತು, ಫಾಲ್ಸ್ ಬಂತು. ಪೂರ್ಣೇಶನ ಹೆಂಡತಿಯನ್ನು ಕೊಂದದ್ದು ಈ ನಾಲ್ಕು ಪದಗಳು. ಹಾಗಂತ ಅವನು ಯಾರೆದುರೂ ಹೇಳಿರಲಿಲ್ಲ. ಹೇಳಿದ್ದರೆ ಜನ, ಮಂಗನ ಕಾಯಿಲೆಯಿಂದ ಹೋದಳಲ್ಲವೇ ಮಾರಾಯ, ತಲೆಗೆ ಏನೇನೋ ಹಚ್ಚಿಕೊಳ್ಳಬೇಡ ಎಂದು ಒಂದು ಚಹಾ ಕುಡಿಸಿ ಕಳಿಸುತ್ತಿದ್ದರು. ಚಹಾ ಕುಡಿಸಿ ಸಮಾಧಾನ ಹೇಳುವವರ ಮೇಲೆ ಅವನಿಗೆ ಸಿಟ್ಟೇನೂ ಇರಲಿಲ್ಲ. ಇದ್ದ ಸಿಟ್ಟನ್ನೆಲ್ಲ ಅವನು ಒಬ್ಬನಿಗಾಗಿ ಎತ್ತಿಟ್ಟಿದ್ದ.

ಆ ಒಬ್ಬ ಶ್ರೀಕರ ಭಟ್ಟ. ಸಾಗರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಪಾತ್ರೆ ಅಂಗಡಿಯ ಮಹಡಿಯ ಮೇಲಿರುವ ಚಿಕ್ಕ ಸಾಫ್ಟ್‌ವೇರ್ ಕಚೇರಿಗೆ ಅವನೇ ಯಜಮಾನ; ಪೂರ್ಣೇಶ ಅಲ್ಲಿ ಪ್ರೋಗ್ರಾಮ್ ಬರೆಯುವವನು. ಒಂದು ಟ್ರಸ್ಟಿನವರಿಗಾಗಿ ಅವರು ಮಾಡಿಕೊಟ್ಟ ವ್ಯವಸ್ಥೆ ಸರಳವಾದದ್ದು. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಎಲ್ಲಾದರೂ ಮಂಗ ಸತ್ತು ಬಿದ್ದದ್ದು ಕಂಡರೆ ಕಂಡವರು ಒಂದು ಫೋಟೋ ಕಳಿಸಬೇಕು. ಕೂಡಲೇ ಸುತ್ತಲಿನ ಮನೆಗಳಿಗೆಲ್ಲ ಎಚ್ಚರಿಕೆಯ ಸಂದೇಶ ಹೋಗುತ್ತದೆ. ಸತ್ತ ಮಂಗನ ಮೈಯಿಂದ ಉದುರಿದ ಉಣುಗು, ರಕ್ತ ಹೀರುವ ಸಣ್ಣ ಹುಳ, ತರಗೆಲೆಯಲ್ಲಿ ಕೂತಿರುತ್ತದೆ, ಕಾಲಿಗೆ ಹತ್ತುತ್ತದೆ, ಆಮೇಲೆ ಜ್ವರ. ಈ ಸೀಮೆಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲಿ ಸತ್ತಿದೆ ಎನ್ನುವುದೊಂದು ಗೊತ್ತಾದರೆ ಸಾಕು.

ಆ ಸಂದೇಶದ ಕನ್ನಡ ಪೂರ್ಣೇಶನ ಹೆಂಡತಿ ಸೌಜನ್ಯಾಳದ್ದೇ. ಅವಳು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದಳು. ಕಚೇರಿಯವರು ಮೊದಲು ಬರೆದದ್ದು, ‘ಮೃತ ವಾನರ ಪತ್ತೆಯಾಗಿರುವ ಹಿನ್ನೆಲೆಯಲ್ಲಿ ಸಾರ್ವಜನಿಕರು ಮುನ್ನೆಚ್ಚರಿಕೆ ವಹಿಸತಕ್ಕದ್ದು’ ಎಂದು. ಅದನ್ನು ಓದಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ನಮ್ಮಮ್ಮ ಇದನ್ನು ಕೇಳಿದರೆ ಯಾವುದೋ ದೊಡ್ಡ ಮನುಷ್ಯ ತೀರಿಕೊಂಡ ಎಂದುಕೊಳ್ಳುತ್ತಾಳೆ ಎಂದಿದ್ದಳು. ಆಮೇಲೆ ದೋಸೆ ಹುಯ್ಯುತ್ತಲೇ ಬಾಯಲ್ಲಿ ಹೇಳಿ ಬರೆಸಿದಳು: ನಿಮ್ಮ ಮನೆ ಹತ್ತಿರ ಮಂಗ ಸತ್ತಿದೆ. ಕಾಡಿಗೆ ಹೋಗಬೇಡಿ. ಹೋಗಲೇಬೇಕಿದ್ದರೆ ಮೈಗೆ ಎಣ್ಣೆ ಹಚ್ಚಿಕೊಂಡು ಹೋಗಿ. ಮಕ್ಕಳನ್ನು ಕಳಿಸಬೇಡಿ.

ಅವಳೇ ಬರೆಸಿದ ಮಾತು ಅವಳಿಗೇ ತಲುಪಲಿಲ್ಲ.

ಹೊಸನಗರದಾಚೆ ಮೇಲಿನಕಾನು ಎನ್ನುವ ಊರು ಅವಳ ತವರು. ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ಅಂಥ ಊರುಗಳಲ್ಲಿ ನಾಲ್ಕಾರು ಮನೆಯವರು ಸಿಗ್ನಲ್ ಇರುವ ಯಾರೋ ಒಬ್ಬರ ನಂಬರನ್ನೇ ತಮ್ಮದೆಂದು ಕೊಡುವುದು ವಾಡಿಕೆ. ಸುದ್ದಿ ಬಂದರೆ ಅವರು ಬಂದು ಹೇಳುತ್ತಾರೆ. ಸೌಜನ್ಯಾಳ ತಾಯಿ ವೆಂಕಮ್ಮ ಕೊಟ್ಟದ್ದು ಟಾರು ರಸ್ತೆಯಲ್ಲಿ ಹಾಲಿನ ಡೈರಿ ನೋಡಿಕೊಳ್ಳುವ ಜಟ್ಟಿಂಗಪ್ಪನ ನಂಬರು. ಪಕ್ಕದ ಮನೆಯ ಕೆರಿಯಮ್ಮ ಕೊಟ್ಟದ್ದೂ ಅದೇ. ಹೋದ ವರ್ಷ ಶ್ರೀಕರ ಪ್ರೋಗ್ರಾಮನ್ನು ಚೊಕ್ಕ ಮಾಡುತ್ತೇನೆಂದು ಹೊರಟು, ಒಂದು ನಂಬರಿಗೆ ಒಂದೇ ಮನೆ ಎಂದು ಮಾಡಿಬಿಟ್ಟ. ಜಟ್ಟಿಂಗಪ್ಪನಿಗೆ ಹೋದ ಸಂದೇಶದಲ್ಲಿ ಕೆರಿಯಮ್ಮನ ಮನೆಯ ಹೆಸರು ಮಾತ್ರ ಇತ್ತು. ಅವನು ಕೆರಿಯಮ್ಮನಿಗೆ ಹೇಳಿದ. ತಾಯಿಯನ್ನು ನೋಡಲು ಹೋಗಿದ್ದ ಸೌಜನ್ಯಾ ಕೊಟ್ಟಿಗೆಗೆ ತರಗೆಲೆ ತರಲು ಬುಟ್ಟಿ ಹಿಡಿದು ಕಾಡಿಗೆ ಹೋದಳು.

ಇಂಥದ್ದು ಆಗಬಾರದೆಂದೇ ಟೆಸ್ಟುಗಳಿರುವುದು. ಪ್ರೋಗ್ರಾಮಿನಲ್ಲಿ ಯಾರು ಏನು ಬದಲಾಯಿಸಿದರೂ ಟೆಸ್ಟುಗಳು ತಾವಾಗಿ ಓಡುತ್ತವೆ. ಪ್ರತಿಯೊಂದರ ಕೊನೆಗೆ ಹೀಗೆಯೇ ಆಗಿರಬೇಕು ಎಂದು ಹೇಳುವ ಒಂದು ಸಾಲು, ಕಚೇರಿಯ ಮಾತಿನಲ್ಲಿ ಅಸರ್ಷನ್. ಹಾಗೆ ಆಗಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಆ ದಿನ ಟೆಸ್ಟು ಕೆಂಪಾಗಿತ್ತು. ಆದರೆ ಅದು ಹೇಳಿದ್ದು ಆ ನಾಲ್ಕೇ ಪದ. ಯಾವುದು ಟ್ರೂ ಆಗಬೇಕಿತ್ತು, ಯಾರ ಮನೆಯ ವಿಷಯ, ಒಂದೂ ಇಲ್ಲ. ಅದು ಆಗಾಗ ಸುಮ್ಮನೆ ಕೆಂಪಾಗುತ್ತಿರುತ್ತದೆ, ಬಿಡಿ ಎಂದು ಶ್ರೀಕರ ಅದನ್ನು ಪಕ್ಕಕ್ಕೆ ತಳ್ಳಿ ಹೊಸ ಪ್ರೋಗ್ರಾಮನ್ನು ಬಿಟ್ಟ. ಆ ಸಾಲನ್ನು ಬರೆದವನೂ ಅವನೇ, ತಳ್ಳಿದವನೂ ಅವನೇ.

ಪೂರ್ಣೇಶ ಅತ್ತದ್ದು ಕಡಿಮೆ. ಮಗಳು ಯಶಸ್ವಿನಿ ಒಂದನೇ ಕ್ಲಾಸಿನಲ್ಲಿದ್ದಳು. ಜಡೆ ಹಾಕಲು ಅವನಿಗೆ ಬರುತ್ತಿರಲಿಲ್ಲ. ಅಮ್ಮ ಹಾಕುತ್ತಿದ್ದ ಹಾಗೆ ಬರುವತನಕ ಅವಳು ಬಿಡುತ್ತಿರಲಿಲ್ಲ. ಬಿಚ್ಚಿ, ಮತ್ತೆ ಹೆಣೆದು, ಮತ್ತೆ ಬಿಚ್ಚಿ, ಅಷ್ಟರಲ್ಲಿ ಶಾಲೆಯ ಆಟೋ ಬಂದು ಹಾರ್ನ್ ಹಾಕುತ್ತಿತ್ತು. ಅವಳನ್ನು ಕಳಿಸಿ ಕಚೇರಿಗೆ ಹೋಗಿ ಶ್ರೀಕರನಿಗೆ ನಮಸ್ಕಾರ ಹೇಳಿ ಕೂರುವುದು. ಆ ನಮಸ್ಕಾರ ಹೇಳುವಾಗಲೇ ಅವನ ಮನಸ್ಸಿನಲ್ಲಿ ಯೋಜನೆ ಮೊಳೆತದ್ದು.

ಅದಕ್ಕೆ ಜಾಗ ಮಾಡಿಕೊಟ್ಟವನು ಶ್ರೀಕರನೇ. ಸೌಜನ್ಯಾ ಹೋದಮೇಲೆ ಅವನು ಬೇರೆಯೇ ಮನುಷ್ಯನಾಗಿದ್ದ. ಮಾತು ಕಡಿಮೆಯಾಗಿತ್ತು, ಗಡ್ಡ ಬೆಳೆದಿತ್ತು. ನಂಬರು ಹಂಚಿಕೊಂಡ ಎಲ್ಲ ಮನೆಗಳಿಗೂ ಸಂದೇಶ ಹೋಗುವಂತೆ ಮೊದಲು ಸರಿಮಾಡಿದ. ಆಮೇಲೆ ಟೆಸ್ಟುಗಳನ್ನೆಲ್ಲ ಓದಲು ಬರುವ ಕನ್ನಡದಲ್ಲಿ ಬರೆಯಲು ಕೂತ. ‘ಸುತ್ತಲಿನ ಪ್ರತಿ ಮನೆಗೂ ಸಂದೇಶ ತಲುಪಿದೆ’ ಎನ್ನುವುದು ಅವನು ಬರೆದ ಮೊದಲ ಸಾಲು. ತಲುಪದಿದ್ದರೆ ಟೆಸ್ಟು ಕೆಂಪಾಗಿ, ತಲುಪದ ಮನೆ ಯಾವುದು, ಯಾವ ಊರು, ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ಹೆಸರು ಹಿಡಿದು ಹೇಳುತ್ತಿತ್ತು. ಉಳಿದ ಕೆಲಸವನ್ನು ಪೂರ್ಣೇಶನಿಗೆ ಒಪ್ಪಿಸುವಾಗ ಅವನ ಕಣ್ಣನ್ನು ನೋಡದೆ ಮೇಜನ್ನು ನೋಡುತ್ತ ಹೇಳಿದ:

“ಟೆಸ್ಟ್ ಬಿದ್ರೆ, ಓದಿದವ್ರಿಗೆ ಯಾರ ಮನೆ ಬಾಗ್ಲು ತಟ್ಬೇಕು ಅಂತ ಗೊತ್ತಾಗ್ಬೇಕು ಪೂರ್ಣೇಶ್. ಅಷ್ಟಾದ್ರೆ ಸಾಕು.”

ಸೌಜನ್ಯಾ ಸತ್ತಮೇಲೆ ಬಂದ ಈ ಬುದ್ಧಿಯನ್ನು ಕಂಡು ಪೂರ್ಣೇಶನಿಗೆ ಮೈ ಉರಿಯಿತು. ಆಗಲಿ ಸರ್ ಎಂದ.

ಶ್ರೀಕರನ ಮನೆ ಜೋಗದ ದಾರಿಯಲ್ಲಿ, ಕಾಡಿಗೆ ಅಂಟಿಕೊಂಡಂತೆ. ಭಾನುವಾರ ಬಂದರೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹಿತ್ತಲಿನಿಂದಲೇ ಕಾಡು ಹೊಕ್ಕು, ಮರಕ್ಕೆ ಹತ್ತಿದ ಸೀತಾಳೆ ಹೂವಿನ ಫೋಟೋ ತೆಗೆಯುವುದು ಅವನ ಹುಚ್ಚು. ಹೊರಡುವ ಮುಂಚೆ ತಪ್ಪದೆ ಫೋನು ನೋಡುತ್ತಿದ್ದ. ಹತ್ತಿರದಲ್ಲಿ ಮಂಗ ಸತ್ತ ಸಂದೇಶ ಇದ್ದರೆ ಆ ವಾರ ಕಾಡಿಗೆ ಹೋಗುತ್ತಿರಲಿಲ್ಲ. ಸಂದೇಶ ಇಲ್ಲದಿದ್ದರೆ ಹೋಗುತ್ತಿದ್ದ. ಪೂರ್ಣೇಶ ಮಾಡಬೇಕಾದದ್ದು ಇಷ್ಟೆ: ಆ ಒಂದು ಮನೆಗೆ ಸಂದೇಶ ಹೋಗಬಾರದು. ವಿಷ ಬೇಡ, ಕತ್ತಿ ಬೇಡ, ಆ ಹೊತ್ತಿಗೆ ಅಲ್ಲಿ ಇರುವುದೂ ಬೇಡ. ಉಳಿದದ್ದನ್ನು ಕಾಡು ಬೇಕಾದರೆ ಮಾಡಲಿ, ಬೇಡವಾದರೆ ಬಿಡಲಿ. ಸೌಜನ್ಯಾಳಿಗೆ ಎಷ್ಟು ಅವಕಾಶವಿತ್ತೋ ಅಷ್ಟನ್ನೇ ಅವನಿಗೂ ಕೊಡುತ್ತಿದ್ದೇನೆ, ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ ಎಂದುಕೊಂಡ. ಹಾಗೆ ಅಂದುಕೊಂಡಾಗ ಇದು ಕೊಲೆಯಲ್ಲ, ನ್ಯಾಯ ಎನ್ನಿಸುತ್ತಿತ್ತು.

ಸಂದೇಶ ತಪ್ಪಿಸುವುದು ಹೂವೆತ್ತಿದಷ್ಟು ಸುಲಭವಾಯಿತು. ಹೊಸದನ್ನು ಪರೀಕ್ಷಿಸುವಾಗಲೆಲ್ಲ ಕಚೇರಿಯವರ ಫೋನುಗಳು ದಿನವಿಡೀ ಕಿರುಗುಟ್ಟುತ್ತಿದ್ದವು. ಈ ಕಾಟ ತಪ್ಪಿಸಿ ಎಂದು ಶ್ರೀಕರನೇ ಹೇಳಿದ್ದ. ಪೂರ್ಣೇಶ ಕಚೇರಿಯವರ ನಂಬರುಗಳಿಗೆ ಸಂದೇಶ ಹೋಗದಂತೆ ಮಾಡಿದ. ಪರೀಕ್ಷೆಯ ಸಂದೇಶ ಮಾತ್ರವಲ್ಲ, ಅಸಲಿ ಸಂದೇಶವೂ. ಮೊದಲು ತನ್ನ ನಂಬರು ಹಾಕಿದ; ಶ್ರೀಕರನದ್ದನ್ನು ಕೊನೆಗೆ ಸೇರಿಸುವುದೆಂದು ಇಟ್ಟುಕೊಂಡ. ನಾಳೆ ಯಾರಾದರೂ ಪತ್ತೆ ಹಚ್ಚಿದರೂ ಅದು ಯಜಮಾನನ ಮಾತನ್ನು ಪಾಲಿಸಲು ಹೋಗಿ ಆದ ಪ್ರಮಾದ. ಬೇರೆ ಯಾರಿಗೂ ತೊಂದರೆಯಾಗಬಾರದೆಂದು ಒಂದೊಂದಾಗಿ ಯೋಚಿಸಿದ. ಕಚೇರಿಯ ಉಳಿದವರೆಲ್ಲ ಪೇಟೆಯಲ್ಲಿದ್ದಾರೆ, ಮಂಗನ ಭಯವಿಲ್ಲ. ಶ್ರೀಕರನ ನಂಬರು ಶ್ರೀಕರನ ಮನೆಗೆ ಮಾತ್ರ. ಸಾಗರದವನಿಗೆ ಸಿಗ್ನಲ್ಲಿಗೇನು ಬರ, ಇನ್ನೊಬ್ಬರ ನಂಬರು ಕೊಡಲು? ಮೇಲಿನಕಾನಿನ ಮನೆಯ ವಿವರವಿದ್ದ ಪುಟವನ್ನು ಅವನು ತೆರೆಯಲಿಲ್ಲ. ಅದನ್ನು ತೆರೆದರೆ ಮನೆಯವರ ಹೆಸರುಗಳಲ್ಲಿ ಸೌಜನ್ಯಾ ಎಂದು ಇನ್ನೂ ಇರುತ್ತದೆಂದು ಅವನು ಅಂದುಕೊಂಡಿದ್ದ. ಒಂದು ವರ್ಷದಿಂದ ಅವನು ಆ ಪುಟವನ್ನು ನೋಡಿರಲಿಲ್ಲ, ನೋಡಲು ಆಗುತ್ತಿರಲಿಲ್ಲ.

ಕಷ್ಟವಿದ್ದದ್ದು ಶ್ರೀಕರನ ಆ ಸಾಲಿನಲ್ಲಿ. ಪ್ರೋಗ್ರಾಮು ಬದಲಾದಾಗಲೆಲ್ಲ ಅದು ಎಲ್ಲ ಊರುಗಳ ಮನೆಗಳನ್ನೂ ನೋಡಿ, ಒಂದು ಮನೆ ತಪ್ಪಿದರೂ ಕೂಗಿಕೊಳ್ಳುತ್ತಿತ್ತು. ಅದನ್ನು ಅಳಿಸಿದರೆ ಅನುಮಾನ ಬರುತ್ತದೆ. ಹಳೆಯ ಕಾಲದ ಹಾಗೆ ಅರ್ಥವಾಗದಂತೆ ಬರೆದರೆ ಶ್ರೀಕರನೇ ಬಿಡುವುದಿಲ್ಲ. ಪೂರ್ಣೇಶ ಕೆಲವು ದಿನ ಅದನ್ನೇ ನೋಡುತ್ತ ಕೂತ. ಹೊಳೆದ ಉಪಾಯ ಅವನಿಗೇ ಬೆರಗು ಹುಟ್ಟಿಸಿತು. ಸಾಲನ್ನು ಮುಟ್ಟಬೇಕಾಗಿಯೇ ಇಲ್ಲ. ‘ಸುತ್ತಲಿನ ಪ್ರತಿ ಮನೆಗೂ ಸಂದೇಶ ತಲುಪಿದೆ’ ಎಂದು ಮೇಲೆ ಹಾಗೆಯೇ ಇರಲಿ. ಆ ಮಾತಿನ ಒಳಗೆ, ಮನೆಗಳನ್ನು ಎಣಿಸುವಲ್ಲಿ, ಕಚೇರಿಯ ನಂಬರಿನ ಮನೆಗಳನ್ನು ಮೊದಲೇ ಬಿಟ್ಟು ಎಣಿಸಿದರಾಯಿತು. ಓದಲು ಕಷ್ಟವಾದದ್ದನ್ನು ಜನ ಬಿಡಿಸಿ ನೋಡುತ್ತಾರೆ. ಸಲೀಸಾಗಿ ಓದಿಸಿಕೊಂಡು ಹೋಗುವುದನ್ನು ಯಾರು ಬಿಡಿಸುತ್ತಾರೆ?

ಅವರ ಕೆಲಸದಲ್ಲಿ ಒಂದು ಪದ್ಧತಿಯಿದೆ. ಟೆಸ್ಟನ್ನು ತಿದ್ದುವ ಮುಂಚೆ ಅದು ಒಮ್ಮೆ ಕೆಂಪಾಗುವುದನ್ನು ಕಣ್ಣಾರೆ ನೋಡಬೇಕು. ಅದು ಏನು ಹೇಳುತ್ತದೆಂದು ಓದಬೇಕು. ಪೂರ್ಣೇಶ ಇದನ್ನು ಹೊಸಬರಿಗೆ ಪಾಠ ಮಾಡುತ್ತಿದ್ದವನು, ಕೆಂಪು ನೋಡದೆ ಹಸಿರನ್ನು ನಂಬಬೇಡಿ ಎನ್ನುತ್ತಿದ್ದವನು. ಆದರೆ ಅಲ್ಲಿ ಟೆಸ್ಟು ಕೆಂಪಾದರೆ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಆದ್ದರಿಂದ ಈ ಒಂದು ಸಲ ಮಾತ್ರ ಅವನು ಟೆಸ್ಟಿನ ಬಾಯನ್ನು ಮೊದಲು ಕಟ್ಟಿ, ಆಮೇಲೆ ಶ್ರೀಕರನ ನಂಬರು ಸೇರಿಸಿದ. ಎಲ್ಲವೂ ಹಸಿರಾಯಿತು.

ಯಾರು ಏನು ಬದಲಾಯಿಸಿದರೂ ಇನ್ನೊಬ್ಬರು ಓದಿ ಒಪ್ಪಬೇಕು. ಓದಿದವನು ಶ್ರೀಕರ. ಓದಿ ಮುಗಿಸಿ ಕನ್ನಡಕ ತೆಗೆದು ಒರೆಸಿಕೊಂಡ.

“ಸೌಜನ್ಯಾ ಇದ್ದಿದ್ರೆ ಇದ್ನ ಓದಿ, ಈಗ ಸರಿಯಾಯ್ತು ಅಂತಿದ್ಲು” ಎಂದ. ಒಪ್ಪಿಗೆ ಒತ್ತಿದ.

ಸಾಯುವವನು ತಾನೇ ರುಜು ಹಾಕಿಕೊಟ್ಟನಲ್ಲ ಎಂದು ಪೂರ್ಣೇಶನಿಗೆ ಒಳಗೊಳಗೇ ನಗು ಬಂತು. ಅವಳ ಹೆಸರನ್ನು ಇವನ ಬಾಯಲ್ಲಿ ಕೇಳುವುದು ಅವನಿಗೆ ಯಾವತ್ತೂ ಆಗಿಬರುತ್ತಿರಲಿಲ್ಲ. ಕೆಲವು ತಿಂಗಳ ಹಿಂದೆ ವೆಂಕಮ್ಮ ಗುಡ್ಡ ಹತ್ತಿ ಸಿಗ್ನಲ್ ಹುಡುಕಿಕೊಂಡು ಫೋನು ಮಾಡಿದ್ದರು. ನಿಮ್ಮ ಭಟ್ಟರು ಮನೆಗೆ ಬಂದಿದ್ದರು, ಸೌಜನ್ಯನ ಫೋಟೋದ ಮುಂದೆ ಕೂತು ಅತ್ತರು, ಆಮೇಲೆ ಏನಂದರು ಅಂದರೆ, ಎನ್ನುವಷ್ಟರಲ್ಲಿ ಅವನು, ಕೇಳುತ್ತಿಲ್ಲ ಅತ್ತೆ, ಆಮೇಲೆ ಮಾಡುತ್ತೇನೆ ಎಂದು ಫೋನು ಇಟ್ಟುಬಿಟ್ಟಿದ್ದ. ಚೆನ್ನಾಗಿಯೇ ಕೇಳುತ್ತಿತ್ತು. ಆಮೇಲೆ ಮಾಡಲಿಲ್ಲ.

ಮಾರ್ಚಿನಲ್ಲಿ ಒಂದು ಶನಿವಾರ ಸಂಜೆ, ಶ್ರೀಕರ ಮನೆಗೆ ಹೋದಮೇಲೆ, ಜೋಗದ ದಾರಿಯಲ್ಲಿ ಒಂದು ಮಂಗ ಸತ್ತ ಸುದ್ದಿ ಬಂತು. ಶ್ರೀಕರನ ಹಿತ್ತಲಿಗೆ ಕೂಗಳತೆಯ ದೂರ. ಪ್ರತಿ ವರದಿಯ ನಂತರವೂ ಆ ಟೆಸ್ಟು ಅಸಲಿ ಮನೆಗಳ ಮೇಲೆ ಓಡಿ, ಪರದೆಯ ಮೇಲೆ ತನ್ನ ಮಾತು ಹೇಳುತ್ತಿತ್ತು: ಸುತ್ತಲಿನ ಪ್ರತಿ ಮನೆಗೂ ಸಂದೇಶ ತಲುಪಿದೆ. ಹಚ್ಚ ಹಸಿರು. ಸೋಮವಾರ ಶ್ರೀಕರ ಬಂದು ಹೊಸ ಹೂವಿನ ಫೋಟೋ ತೋರಿಸಿದ. ಪೂರ್ಣೇಶ ಹೂವನ್ನು ಹೊಗಳಿದ, ಪಾದದ ಹತ್ತಿರ ಕೆಂಪು ಗುರುತೇನಾದರೂ ಇದೆಯೇ ಎಂದು ನೋಡಿದ. ಆ ವಾರವೆಲ್ಲ ಶ್ರೀಕರ ಕೆಮ್ಮಿದರೂ ಪೂರ್ಣೇಶ ತಟ್ಟನೆ ತಲೆಯೆತ್ತಿ ನೋಡುತ್ತಿದ್ದ. ಸಂತೋಷಕ್ಕೋ ಹೆದರಿಕೆಗೋ ತಿಳಿಯುತ್ತಿರಲಿಲ್ಲ. ಶ್ರೀಕರನಿಗೆ ಏನೂ ಆಗಲಿಲ್ಲ. ಕಾಡು ಆ ಸಲ ಬಿಟ್ಟುಕೊಟ್ಟಿತ್ತು. ಇನ್ನೊಂದು ಸಲ ನೋಡೋಣ, ಅವಸರವೇನಿದೆ ಎಂದುಕೊಂಡ.

ಪರೀಕ್ಷೆ ಮುಗಿದು ರಜೆ ಸಿಕ್ಕಾಗ ಯಶಸ್ವಿನಿ ಅಜ್ಜಿಯ ಮನೆಗೆ ಹೋಗುತ್ತೇನೆಂದು ಹಟ ಹಿಡಿದಳು. ಅಜ್ಜಿಗೆ ಅಮ್ಮನ ಹಾಗೆಯೇ ಜಡೆ ಹಾಕಲು ಬರುತ್ತದೆ ಎನ್ನುವುದು ಅವಳ ವಾದ. ಬೈಕಿನಲ್ಲಿ ಮುಂದೆ ಕೂರಿಸಿಕೊಂಡು ಹೋಗಿ ಬಿಟ್ಟು, ಒಳಗೆ ಹೋಗಿ ಫೋಟೋ ನೋಡುವ ಧೈರ್ಯವಿಲ್ಲದೆ ಜಗುಲಿಯಿಂದಲೇ ಹಿಂತಿರುಗಿದ. ಊಟ ಮಾಡಿಕೊಂಡು ಹೋಗಿ ಎಂದು ವೆಂಕಮ್ಮ ಕರೆದದ್ದು ಬೈಕಿನ ಸದ್ದಿನಲ್ಲಿ ಕೇಳದವನಂತೆ ಹೊರಟ.

ಕೆಲವು ದಿನಗಳಾದ ಮೇಲೆ, ಶ್ರೀಕರ ಕಚೇರಿಯಲ್ಲಿಲ್ಲದ ಒಂದು ದಿನ, ಪರದೆಯಲ್ಲಿ ಮೇಲಿನಕಾನು ಎನ್ನುವ ಹೆಸರು ಬಂತು. ಕೆರೆಯ ಏರಿಯ ಹತ್ತಿರ ಮಂಗ ಸತ್ತಿದೆ. ಪೂರ್ಣೇಶನ ಕೈ ಫೋನಿಗೆ ಹೋಯಿತು. ಅತ್ತೆಗೆ ಹೇಗೆ ಫೋನು ಮಾಡುವುದು, ಡೈರಿಯ ಜಟ್ಟಿಂಗಪ್ಪನಿಗೆ ಮಾಡಲೇ ಎಂದು ನಂಬರು ಹುಡುಕುತ್ತಿದ್ದ. ಅಷ್ಟರಲ್ಲಿ ಹಸಿರು ಅಕ್ಷರಗಳು ಮೂಡಿದವು. ಸುತ್ತಲಿನ ಪ್ರತಿ ಮನೆಗೂ ಸಂದೇಶ ತಲುಪಿದೆ. ತಾನೇ ಒಳಗೆ ಸುಳ್ಳು ತುಂಬಿದ ಮಾತು ಅದು. ಆದರೆ ಆ ಸುಳ್ಳು ಒಂದು ಮನೆಗೆ ಮಾತ್ರ ಸಂಬಂಧಿಸಿದ್ದು, ಉಳಿದ ಮನೆಗಳ ಮಟ್ಟಿಗೆ ಅದು ನಿಜವೇ. ಹಾಗೆಂದು ಅವನಿಗೆ ಗೊತ್ತಿತ್ತು. ಮಕ್ಕಳನ್ನು ಕಳಿಸಬೇಡಿ ಎನ್ನುವ ಮಾತೂ ಹೋಗಿರುತ್ತದೆ, ಅವಳಮ್ಮನೇ ಬರೆಸಿದ ಮಾತು. ಅವನು ಫೋನು ಕೆಳಗಿಟ್ಟ. ಆ ದಿನ ಅವನಿಗೆ ಬಹಳ ಕಾಲದ ಮೇಲೆ ಒಳ್ಳೆಯ ನಿದ್ದೆ ಬಂತು.

ಮುಂದಿನ ವಾರ ಜಟ್ಟಿಂಗಪ್ಪ ಡೈರಿಯಿಂದ ಫೋನು ಮಾಡಿದ. ಪಾಪುಗೆ ಜ್ವರ, ಕಣ್ಣು ಕೆಂಪಾಗಿದೆ, ತೀರ್ಥಹಳ್ಳಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇವೆ.

ಪೂರ್ಣೇಶ ಹೋಗುವಷ್ಟರಲ್ಲಿ ಮಗುವಿನ ಒಸಡಿನಲ್ಲಿ ರಕ್ತ ಕಾಣಿಸಿಕೊಂಡಿತ್ತು. ಸೌಜನ್ಯಾಳಿಗೂ ಹೀಗೆಯೇ ಮೊದಲಾದದ್ದು. ಆಗುಂಬೆ ಘಾಟಿ ಇಳಿಸಿ ಕರಾವಳಿಯ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು, ಆಂಬುಲೆನ್ಸ್ ಬರುತ್ತಿದೆ ಎಂದರು. ಯಶಸ್ವಿನಿ ಅವನ ಹೆಬ್ಬೆರಳು ಹಿಡಿದುಕೊಂಡು, ಜಡೆ ಬಿಚ್ಚಬಾರದು ಅಂತ ಹೇಳು ಅಪ್ಪ ಎಂದಳು. ಜಡೆ ಚೆನ್ನಾಗಿತ್ತು. ಅವಳಮ್ಮ ಹಾಕಿದಂತೆಯೇ ಇತ್ತು. ಅವನಿಗೆ ತಡೆಯಲಾಗದೆ ಹೊರಗೆ ಬಂದು ಗೋಡೆಗೆ ಮುಖವಿಟ್ಟು ಅತ್ತ. ಎಷ್ಟೋ ದಿನಗಳಿಂದ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತ.

ಸುದ್ದಿ ತಿಳಿದು ಶ್ರೀಕರ ಅವನ ಹಿಂದೆಯೇ ಕಾರು ಓಡಿಸಿಕೊಂಡು ಬಂದಿದ್ದ. ಮಗುವಿಗೆ ರಕ್ತ ಬೇಕಾಗಬಹುದು ಎಂದದ್ದೇ ತಡ, ಒಳಗೆ ಹೋಗಿ ತೋಳು ಚಾಚಿ ಮಲಗಿದ್ದ. ಬಾಗಿಲ ಸಂದಿಯಿಂದ ಅವನ ಕಾಲು ಕಾಣುತ್ತಿತ್ತು. ಬೆಂಚಿನ ಮೇಲೆ ವೆಂಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು.

“ತರಗೆಲೆ ತರಕ್ ನನ್ ಜೊತೆ ಬಂದಿದ್ಲು” ಎಂದರು. “ಕೆರಿಯಮ್ಮಂಗೆ ಗೊತ್ತಿತ್ತಂತೆ. ನಮ್ಮನೆಗೆ ಭಟ್ರು ಹೇಳ್ತಾರೆ ಅಂದ್ಕಂಡು ಸುಮ್ನಾದ್ಲಂತೆ.”

“ಭಟ್ರು ಯಾಕೆ ಹೇಳ್ಬೇಕು ಅತ್ತೆ?”

ವೆಂಕಮ್ಮ ತಲೆಯೆತ್ತಿ ಅಳಿಯನನ್ನು ನೋಡಿದರು. ಇವರಿಗೆ ಇದೂ ಗೊತ್ತಿಲ್ಲವೇ ಎನ್ನುವ ಹಾಗಿತ್ತು ನೋಟ. “ನಮ್ಮನೆಗೆ ಕೊಟ್ಟಿರೋ ನಂಬರು ಅವರದ್ದೇ ಅಲ್ವಾ? ಅವತ್ತು ಮನೆಗ್ ಬಂದಾಗ, ಇನ್ ಯಾರ ನಂಬರೂ ಬ್ಯಾಡ ಅಮ್ಮ, ನಂದೇ ಇರ್ಲಿ, ಸುದ್ದಿ ಬಂದ್ರೆ ನಾನೇ ಬಂದ್ ಹೇಳ್ತೀನಿ ಅಂದ್ರು. ಒಂದ್ಸಲ ಅಷ್ಟ್ ದೂರದಿಂದ ಎಣ್ಣೆ ಬಾಟ್ಲಿನೂ ತಗಂಡು ಬಂದಿದ್ರು. ಈ ಸಲ ಯಾಕೋ ಬರ್ಲೇ ಇಲ್ಲ. ನಂಬರಿನ ವಿಷ್ಯ ನಿಮ್ಗೆ ಹೇಳಕ್ಕೇ ಫೋನ್ ಮಾಡಿದ್ದೆ, ಕೇಳ್ತಿಲ್ಲ ಅಂದ್ರಿ.” ಒಳಗೆ ಶ್ರೀಕರನ ಕಾಲು ಅಲುಗಿತು, ಯಾರೋ ಅವನನ್ನು ಎಬ್ಬಿಸಿ ಕೂರಿಸುತ್ತಿದ್ದರು. ಆ ಟೆಸ್ಟನ್ನು ಒಮ್ಮೆ ಕೆಂಪಾಗಲು ಬಿಟ್ಟು ಓದಿದ್ದರೆ, ಅದು ಒಂದಲ್ಲ, ಎರಡು ಮನೆಗಳ ಹೆಸರು ಹೇಳುತ್ತಿತ್ತು. ಒಂದು, ಜೋಗದ ದಾರಿಯ ಶ್ರೀಕರನ ಮನೆ. ಇನ್ನೊಂದು, ಮೇಲಿನಕಾನಿನ ವೆಂಕಮ್ಮನ ಮನೆ; ಮನೆಯಲ್ಲಿರುವವರು ವೆಂಕಮ್ಮ, ಮತ್ತು ರಜೆಯಲ್ಲಿ ಮೊಮ್ಮಗಳು ಯಶಸ್ವಿನಿ ಎಂದು ಶ್ರೀಕರ ಅಲ್ಲಿ ಬರೆದಿಟ್ಟಿದ್ದ.